ಭೀಮಾ ಸೇತುವೆಗೆ ಮುಗಿಯುವ ಅಜ್ಜನ ಟಿಕೆಟ್

ಸೋಲಾಪುರದಿಂದ ವಿಜಯಪುರಕ್ಕೆ ಹೊರಟ ಎಸ್.ಟಿ. ಬಸ್ಸಿನಲ್ಲಿ 75 ದಾಟಿದ ಅಜ್ಜನಿಗೆ ಕಂಡಕ್ಟರ್ ಎರಡು ಲೆಕ್ಕ ಹೇಳ್ತಾನೆ. ಟಾಕಳಿ ತನಕ ಸೊನ್ನೆ ರೂಪಾಯಿ. ಭೀಮಾ ಹೊಳಿ ದಾಟಿ ಧೂಳಖೇಡದಿಂದ ಮುಂದಕ್ಕೆ ಪೂರ್ತಿ ಟಿಕೆಟ್. "ಆಜೋಬಾ, ಪುಢಚಂ ತಿಕೀಟ ಘ್ಯಾವಂ ಲಾಗೇಲ" ಅಂತ ಸಮಾಧಾನದಿಂದಲೇ ಹೇಳ್ತಾನೆ ಪಾಪ. ಅಜ್ಜ ಕನ್ನಡದಾಗ ಕೇಳ್ತಾನೆ: "ಹೊಳಿ ದಾಟಿದ ಕೂಡ್ಲೆ ನನ್ನ ವಯಸ್ಸು ಕಡಿಮಿ ಆಗತೈತೇನೋ ತಮ್ಮಾ?"

ಬಸ್ಸಿನ ಮಂದಿ ನಗ್ತಾರೆ. ಆದ್ರೆ ಅಜ್ಜ ಕೇಳಿದ್ದು ನಗೆಚಾಟಿಕೆ ಪ್ರಶ್ನೆ ಅಲ್ಲ. ಇದಕ್ಕೆ ಮುಂಬೈ ಆಗಲಿ ಬೆಂಗಳೂರು ಆಗಲಿ ಇವತ್ತಿನ ತನಕ ಉತ್ತರ ಕೊಟ್ಟಿಲ್ಲ.

ಕಂಡಕ್ಟರನದು ಇದರಲ್ಲಿ ಏನೂ ತಪ್ಪಿಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಅವನ ಕೈಯಾಗಿನ ಮಷೀನಿಗೆ ಗಡಿ ಯಾವ ಸ್ಟೇಜಿಗೆ ಬರ್ತದೆ ಅನ್ನೋದು ಗೊತ್ತು, ಅಜ್ಜ ಯಾರು ಅನ್ನೋದು ಗೊತ್ತಿಲ್ಲ. ಮಹಾರಾಷ್ಟ್ರ ಸರ್ಕಾರ 2022ರ ಆಗಸ್ಟ್‌ನಲ್ಲಿ 75 ವರ್ಷ ದಾಟಿದವರಿಗೆ ಎಸ್.ಟಿ. ಪ್ರಯಾಣ ಪೂರ್ತಿ ಉಚಿತ ಮಾಡಿತು. ಅದೇ 'ಅಮೃತ ಜ್ಯೇಷ್ಠ ನಾಗರಿಕ' ಯೋಜನೆ. 65ರಿಂದ 75ರವರೆಗಿನವರಿಗೆ ಅರ್ಧ ಟಿಕೆಟ್ ಇದೆ. 2023ರ ಮಾರ್ಚ್‌ನಿಂದ ಎಲ್ಲಾ ವಯಸ್ಸಿನ ಹೆಂಗಸರಿಗೂ ಅರ್ಧ. ಒಳ್ಳೇ ಯೋಜನೆಗಳು, ನಮ್ಮ ಊರಿನ ಮುದುಕರು ಇದರಿಂದ ಮನಿ ಬಿಟ್ಟು ಹೊರಗ ಬರೋ ಹಂಗಾಗೈತಿ. ಮೊದಲು ಮಗನ ಕಡೆ ಕೈ ಚಾಚಬೇಕಿತ್ತು, ಈಗ ಆಧಾರ್ ಕಾರ್ಡ್ ಕಿಸೆದಾಗ ಇಟ್ಕೊಂಡು ಪಂಢರಪುರ, ತುಳಜಾಪುರ ತಾವೇ ಹೋಗಿ ಬರ್ತಾರೆ. ಆದ್ರೆ ಈ ಸವಲತ್ತು ರಾಜ್ಯದ ಗಡಿಗೆ ಮುಗೀತದೆ. ನಮ್ಮ ಬದುಕು ಗಡಿಗೆ ಮುಗಿಯೋದಿಲ್ಲ, ತಕರಾರು ಇರೋದು ಅಲ್ಲೇ.

ಪುಣೆ, ನಾಸಿಕದ ಅಜ್ಜನಿಗೆ ರಾಜ್ಯದ ಗಡಿ ಅಂದ್ರೆ ನಕಾಶೆ ಮ್ಯಾಲಿನ ಗೆರೆ. ವರ್ಷಕ್ಕೊಮ್ಮೆ ದಾಟಿದರೆ ದಾಟಿದ, ಇಲ್ಲಂದ್ರೆ ಇಲ್ಲ. ಜತ್ತ ತಾಲೂಕಿನ ಉಮದಿ, ಸಂಖ ಕಡೆಯವರಿಗೆ ಜಿಲ್ಲಾ ಕೇಂದ್ರ ಸಾಂಗ್ಲಿಗಿಂತ ವಿಜಯಪುರ ಹತ್ತಿರ. ಅಕ್ಕಲಕೋಟ ತಾಲೂಕಿನ ದುಧನಿ, ವಾಗ್ದರಿ ಕಡೆಯವರ ಬೀಗರು, ಸಂತಿ, ದೇವರು ಎಲ್ಲಾ ಅಫಜಲಪುರ, ಆಳಂದ, ಗಾಣಗಾಪುರ, ಕಲಬುರಗಿ ಕಡೆಗೇ. ಹೆಣ್ಣು ಕೊಡೋದು ತರೋದು ಈಗಲೂ ಹೊಳಿ ಆಚೆ ಈಚೆ ನಡೆದೈತಿ. ಹಿಂಗಿರುವಾಗ ಗಡಿಗೆ ಬಂದು ನಿಂತುಬಿಡೋ ರಿಯಾಯಿತಿ ನಮ್ಮ ಮುದುಕರಿಗೆ ಅರ್ಧ ದಾರಿಯ ರಿಯಾಯಿತಿ ಅಷ್ಟೇ.

ಇನ್ನೊಂದು ಮಾತು ಇದೆ. ಇದನ್ನ ಅಧಿಕಾರಿಗಳ ಮುಂದೆ ಯಾರೂ ಸರಿಯಾಗಿ ಇಡ್ತಾ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ನಮ್ಮ ಭಾಗದಲ್ಲಿ ಮೊಮ್ಮಕ್ಕಳಿಗೆ ಮರಾಠಿ ನೀರು ಕುಡಿದಂಗೆ ಬರ್ತದೆ. ಮಕ್ಕಳಿಗೆ ಎರಡೂ ಬರ್ತದೆ. ಅಜ್ಜಿಗೆ? ಅಜ್ಜಿಗೆ ಕನ್ನಡ ಒಂದೇ. ಸಂತಿಯಾಗ ಕಾಯಿಪಲ್ಯ ಕೊಳ್ಳೋವಷ್ಟು ಮರಾಠಿ ಇರಬಹುದು, ಡಾಕ್ಟರ್ ಮುಂದೆ ಕೂತು ರೋಗ ಹೇಳೋವಷ್ಟು ಇರೋದಿಲ್ಲ. "ಎದಿ ಹಿಡದಂಗ ಆಗತೈತಿ", "ಕೈಕಾಲು ಜುಮ್ ಅಂತಾವು", "ಹೊಟ್ಯಾಗ ಕಿವುಚಿದಂಗ" ಅನ್ನೋದನ್ನ ಹೇಳಾಕ ತಾಯಿ ಮಾತೇ ಬೇಕು. ಅದಕ್ಕೇ ಅಜ್ಜಿ ವಿಜಯಪುರದ ದವಾಖಾನಿಗೆ, ಕಲಬುರಗಿಯ ದವಾಖಾನಿಗೆ ಹೋಗೋಣು ಅಂತಾಳೆ. ಅಲ್ಲಿ ಅವಳ ಮಾತು ಡಾಕ್ಟರಿಗೆ, ನರ್ಸಿಗೆ, ಔಷಧದ ಅಂಗಡಿಯವನಿಗೆ ತಿಳೀತದೆ. ಇದರ ಅರ್ಥ ಏನಾಯ್ತು ನೋಡ್ರಿ. ಯಾರಿಗೆ ಗಡಿ ದಾಟೋ ಗರಜು ಎಲ್ಲಕ್ಕಿಂತ ಹೆಚ್ಚೋ, ಆ ವಯಸ್ಸಾದ, ಕನ್ನಡ ಒಂದೇ ಬಲ್ಲ ಜೀವಕ್ಕೇ ಗಡಿಯಲ್ಲಿ ಟಿಕೆಟ್ ಬೀಳ್ತದೆ. ಇದು ಬರೀ ಬಸ್ ಚಾರ್ಜಿನ ವಿಷಯ ಅಲ್ಲ, ಭಾಷಾ ಅಲ್ಪಸಂಖ್ಯಾತರ ವಿಷಯ ಅಂತ ನಾನು ಹೇಳೋದು ಈ ಕಾರಣಕ್ಕೆ.

ಈ ಕಡೆಯ ಕಥೆ ಇಷ್ಟಾಯ್ತು. ಆ ಕಡೆ ಕರ್ನಾಟಕ ಏನು ಮಾಡಿದೆ?

2023ರ ಜೂನ್ 11ರಿಂದ ಅಲ್ಲಿ 'ಶಕ್ತಿ' ಯೋಜನೆ. ಸಾದಾ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ, ಆದರೆ ಕರ್ನಾಟಕದ ವಿಳಾಸ ಇರೋ ಗುರುತಿನ ಚೀಟಿ ಬೇಕು. ಒಂದು ಮನೆಯ ಅಕ್ಕ ತಂಗಿ ಅಂತ ಇಟ್ಕೊಳ್ರಿ. ಅಕ್ಕನ್ನ ಅಫಜಲಪುರಕ್ಕೆ ಕೊಟ್ಟಾರ, ತಂಗೀನ ಅಕ್ಕಲಕೋಟಕ್ಕೆ. ಇಬ್ಬರಿಗೂ 70 ಆಗೈತಿ. ಕಲ್ಯಾಣ ಕರ್ನಾಟಕ ಸಾರಿಗೆ ಬಸ್ಸಿನಾಗ ಕಲಬುರಗಿಗೆ ಒಟ್ಟಿಗೆ ಹೊರಟರೆ ಅಕ್ಕನಿಗೆ ಸೊನ್ನೆ ಟಿಕೆಟ್, ಬಾಜೂಕ ಕೂತ ತಂಗಿಗೆ ರೊಕ್ಕ. ಇಬ್ಬರೂ ಆಡೋದು ಒಂದೇ ಕನ್ನಡ. ತಂಗಿ ಕನ್ನಡ ಸಾಲಿ ಉಳಿಸಾಕ ಹೋರಾಟ ಮಾಡಿದ ಊರಿನಾಕಿ ಇರಬಹುದು. ಆಧಾರ್ ಕಾರ್ಡಿನ ಹಿಂದಿನ ವಿಳಾಸಕ್ಕೆ ಅದೇನೂ ಗೊತ್ತಾಗೋದಿಲ್ಲ.

ವಿಕಲಚೇತನರ ಪಾಸಿನದು ಇನ್ನೂ ವಿಚಿತ್ರ. ಕರ್ನಾಟಕದಲ್ಲಿ ವರ್ಷಕ್ಕೆ 660 ರೂಪಾಯಿ ಕಟ್ಟಿದರೆ ವಾಸದ ಊರಿಂದ 100 ಕಿಲೋಮೀಟರ್ ಒಳಗೆ ತಿರುಗಾಡಲು ವಿಕಲಚೇತನರ ರಿಯಾಯಿತಿ ಪಾಸ್ ಸಿಗ್ತದೆ. ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಬೇಕು. ಉಮದಿಯ ಒಬ್ಬ ಕಾಲು ಸರಿ ಇಲ್ಲದ ಹುಡುಗನಿಗೆ ವಿಜಯಪುರ 100 ಕಿಲೋಮೀಟರಿಗಿಂತ ಎಷ್ಟೋ ಒಳಗೆ. ಆದ್ರೆ ಪಾಸ್ ಅವನಿಗೆ ಸಿಗೋದಿಲ್ಲ, ಯಾಕಂದ್ರೆ ವಿಳಾಸ ಮಹಾರಾಷ್ಟ್ರದ್ದು. ಮಹಾರಾಷ್ಟ್ರದ ಎಸ್.ಟಿ. ಅವನಿಗೆ ದೊಡ್ಡ ರಿಯಾಯಿತಿ ಕೊಡ್ತದೆ, ಆದರೆ ಅದೂ ಗಡಿ ತನಕ. ಎರಡೂ ಸರ್ಕಾರ ಅವನಿಗೆ ಸಹಾಯ ಮಾಡ್ತೀವಿ ಅಂತಾವೆ, ಅವನು ನಿಜವಾಗಿ ಹೋಗಬೇಕಾದ ದಾರಿಯಲ್ಲಿ ಮಾತ್ರ ಎರಡೂ ಇಲ್ಲ.

ಇಲ್ಲೊಂದು ಮಾತು ನೆನಪಿಡ್ರಿ. ವಿಕಲಚೇತನರ ಗುರುತಿನ ಕಾರ್ಡ್ ಈಗ ರಾಜ್ಯದ್ದಲ್ಲ. ಯುಡಿಐಡಿ ಕಾರ್ಡ್ ದೇಶಕ್ಕೆಲ್ಲಾ ಒಂದೇ, ಕೇಂದ್ರ ಸರ್ಕಾರದ ಯೋಜನೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯ ಗುರುತಿಸಿದೆ. ಶೇ. 40ರ ಲೆಕ್ಕ ಜತ್ತದಲ್ಲೂ ಅದೇ, ಇಂಡಿಯಲ್ಲೂ ಅದೇ. ಅಂದಮೇಲೆ ಈ ಮನುಷ್ಯ ವಿಕಲಚೇತನನೋ ಅಲ್ಲವೋ ಅಂತ ಪರೀಕ್ಷೆ ಮಾಡೋ ಕೆಲಸ ಇನ್ನೊಂದು ರಾಜ್ಯಕ್ಕೆ ಉಳಿದಿಲ್ಲ. ಕಾರ್ಡ್ ಓದಿದರೆ ಸಾಕು. ವೃದ್ಧರದೂ ಹಂಗೇ, ಆಧಾರ್ ನೋಡಿದರೆ ವಯಸ್ಸು ಗೊತ್ತಾಗ್ತದೆ. ಕಾಗದಪತ್ರದ ಅಡ್ಡಿ ಇಲ್ಲ, ಅಡ್ಡಿ ಇರೋದು ಮನಸ್ಸಿನಲ್ಲಿ.

ಮೊದಲು ಒಂದು ದಾರಿ ಇತ್ತು. ರೈಲು. ಸೋಲಾಪುರ–ಕಲಬುರಗಿ ಗಾಡಿಗೆ ಅಕ್ಕಲಕೋಟ ರೋಡ್‌ನಲ್ಲಿ, ದುಧನಿಯಲ್ಲಿ ಹತ್ತಿದರೆ 60 ದಾಟಿದ ಗಂಡಸರಿಗೆ ಶೇ. 40, 58 ದಾಟಿದ ಹೆಂಗಸರಿಗೆ ಶೇ. 50 ರಿಯಾಯಿತಿ. ರೈಲು ರಾಜ್ಯದ ಗಡಿ ಕೇಳ್ತಿರಲಿಲ್ಲ. ಕೊರೊನಾ ಹೊತ್ತಿನಲ್ಲಿ, 2020ರ ಮಾರ್ಚ್‌ನಲ್ಲಿ, ಅದನ್ನ ನಿಲ್ಲಿಸಿದರು. ಕೊರೊನಾ ಹೋಯ್ತು, ಹಿರಿಯರ ರಿಯಾಯಿತಿ ಮಾತ್ರ ತಿರುಗಿ ಬರಲಿಲ್ಲ. ಹಿಂಗಾಗಿ ಈಗ ಬಸ್ಸೇ ಗತಿ.

ಇದು ನಮ್ಮೊಂದು ಭಾಗದ ಗೋಳು ಅಂತ ಯಾರೂ ತಿಳ್ಕೋಬ್ಯಾಡ್ರಿ. ಗಡಿಯುದ್ದಕ್ಕೂ ಇದೇ ಹಾಡು. ತೆಲಂಗಾಣದ ಮಹಾಲಕ್ಷ್ಮಿ ಯೋಜನೆ ಬಂದದ್ದು 2023ರ ಡಿಸೆಂಬರ್‌ನಲ್ಲಿ. ಜಹೀರಾಬಾದಿನ ಅಜ್ಜಿ ಬೀದರಿಗೆ ಹೊರಟರೆ ಉಚಿತ ಗಡಿ ತನಕ. ಆಂಧ್ರದ ಸ್ತ್ರೀ ಶಕ್ತಿ 2025ರ ಆಗಸ್ಟ್ 15ಕ್ಕೆ ಶುರುವಾಯ್ತು, ಅಂತರರಾಜ್ಯ ಬಸ್ಸಿಗೆ ಅದು ಅನ್ವಯವೇ ಇಲ್ಲ. ರಾಯದುರ್ಗ, ಆದೋನಿಯವರಿಗೆ ಬಳ್ಳಾರಿ ಬೇಕು, ಅವರೇನು ಮಾಡಬೇಕು? ತಾಳವಾಡಿಯವರಿಗೆ ಚಾಮರಾಜನಗರ ಬಾಗಿಲ ಮುಂದೆ ಇದ್ದಂಗೆ, ಅವರ ಜಿಲ್ಲಾ ಕೇಂದ್ರ ಈರೋಡ್ ದಿಂಬಂ ಘಾಟಿ ಇಳಿದು ಎಲ್ಲೋ ದೂರ. ಇನ್ನು ಕಾಸರಗೋಡಿನವರಿಗೆ ಮಂಗಳೂರಿನ ಆಸ್ಪತ್ರೆ ಅಂದ್ರೆ ಏನು ಅನ್ನೋದನ್ನ 2020ರಲ್ಲಿ ದೇಶವೇ ನೋಡಿತು. ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ರೋಗಿಗಳು ಅಲ್ಲೇ ಸಿಕ್ಕಿಬಿದ್ದು ಪ್ರಕರಣ ಸುಪ್ರೀಂ ಕೋರ್ಟ್ ತನಕ ಹೋಯ್ತು.

ಒಂದೊಂದು ರಾಜ್ಯ ಒಂದೊಂದು ಹೊಸ ಉಚಿತ ಯೋಜನೆ ತಂದಾಗಲೂ ಗಡಿಯ ಬಸ್ಸಿನೊಳಗೆ ಒಂದೊಂದು ಹೊಸ ಗೋಡೆ ಏಳ್ತಾ ಬಂದದೆ. ಹತ್ತು ವರ್ಷದ ಹಿಂದೆ ಎಲ್ಲರೂ ಹೆಚ್ಚುಕಡಿಮೆ ಒಂದೇ ಟಿಕೆಟ್ ತಗೊಂಡು ಹೋಗ್ತಿದ್ದರು.

ಹಂಗಾದ್ರೆ ನಾವು ಕೇಳಬೇಕಾದ್ದು ಏನು? ನನ್ನ ಪ್ರಕಾರ ಎಲ್ಲಾ ಒಮ್ಮೆಗೇ ಕೇಳೋದು ಬೇಡ. "ಗಡಿನಾಡಿನ ಎಲ್ಲಾ ಕನ್ನಡ ಹೆಂಗಸರಿಗೂ ಶಕ್ತಿ ಕೊಡ್ರಿ" ಅಂತ ನಮ್ಮವರೇ ಕೆಲವರು ಭಾಷಣ ಮಾಡ್ತಾರೆ. ಕೇಳೋಕೆ ಚಂದ. ಆದ್ರೆ ಕನ್ನಡದವರು ಯಾರು, ಅಲ್ಲದವರು ಯಾರು ಅಂತ ಕಂಡಕ್ಟರ್ ಬಸ್ಸಿನಾಗ ಹೆಂಗ ತೀರ್ಮಾನ ಮಾಡ್ತಾನೆ? ಭಾಷೆ ಕೇಳಿ ಟಿಕೆಟ್ ಹರಿಯೋ ದಿನ ಬಂದ್ರೆ ಮೊದಲು ಪೆಟ್ಟು ತಿನ್ನೋರು ನಾವೇ. ಅದಕ್ಕೇ ಬೇಡಿಕೆ ಸಣ್ಣದು ಇರಲಿ, ಗಟ್ಟಿ ಇರಲಿ. ವಯಸ್ಸಾದವರು ಮತ್ತು ವಿಕಲಚೇತನರು, ಯಾವ ಭಾಷೆಯವರೇ ಆಗಲಿ, ಗಡಿ ತಾಲೂಕಿನವರಾಗಿದ್ದರೆ ಅವರ ರಾಜ್ಯದ ರಿಯಾಯಿತಿ ಗಡಿಯಾಚೆಯ ಮೊದಲ ಜಿಲ್ಲಾ ಕೇಂದ್ರದ ತನಕ ನಡೀಬೇಕು. ಅಕ್ಕಲಕೋಟದಿಂದ ಕಲಬುರಗಿ, ಜತ್ತದಿಂದ ವಿಜಯಪುರ, ಚಡಚಣದಿಂದ ಸೋಲಾಪುರ. ಹೌದು, ಚಡಚಣದಿಂದ ಸೋಲಾಪುರ ಕೂಡ. ಆ ಕಡೆಯ ಮರಾಠಿ ಮಾತಾಡೋ ಅಜ್ಜನಿಗೂ ಇದೇ ಹಕ್ಕು ಸಿಗಲಿ. ಕೊಡು–ತಗೋ ಇದ್ದಾಗಲೇ ಈ ಮಾತು ಎರಡೂ ವಿಧಾನಸೌಧದಾಗ ನಡೀತದೆ.

ಇದಕ್ಕೆ ಹೊಸ ಕಾನೂನು ಬೇಡ. ಒಂದು ರಾಜ್ಯದ ಬಸ್ಸು ಇನ್ನೊಂದು ರಾಜ್ಯದಲ್ಲಿ ಓಡಬೇಕಾದರೆ ಎರಡೂ ರಾಜ್ಯಗಳ ನಡುವೆ ಕರಾರು ಆಗ್ತದೆ. 1988ರ ಮೋಟಾರು ವಾಹನ ಕಾಯ್ದೆಯ 88ನೇ ಕಲಮಿನಲ್ಲಿ ಅದರ ದಾರಿ ಹೇಳಿದೆ. ಯಾವ ಮಾರ್ಗದಲ್ಲಿ ಯಾರಿಗೆ ಎಷ್ಟು ಪರ್ಮಿಟ್ ಅನ್ನೋದು ಎರಡೂ ಕಡೆಯವರು ಕೂತು ಒಪ್ಪಿಕೊಂಡದ್ದೇ. ಅಂದ್ರೆ ಮಾತಾಡೋ ಮೇಜು ಈಗಾಗಲೇ ಇದೆ. ಅದೇ ಮೇಜಿನ ಮ್ಯಾಲೆ ಹಿರಿಯರ, ವಿಕಲಚೇತನರ ರಿಯಾಯಿತಿಯ ವಿಷಯವನ್ನೂ ಇಡಬೇಕು, ಅಷ್ಟೇ. ಇಂಥ ಕರಾರಿನ ಪ್ರಸ್ತಾವವನ್ನ ರಾಜ್ಯಪತ್ರದಲ್ಲಿ, ಪತ್ರಿಕೆಯಲ್ಲಿ ಪ್ರಕಟಿಸಿ ಜನರ ಅಹವಾಲು ಕೇಳಬೇಕು ಅಂತಲೂ ಅದೇ ಕಲಮಿನಲ್ಲಿದೆ. ನಾವು ಈ ತನಕ ಎಷ್ಟು ಸಲ ಅಂಥ ಅಹವಾಲು ಕೊಟ್ಟೀವಿ? ನಾಡಹಬ್ಬಕ್ಕೆ ಸೇರೋ ಮಂದಿಯಲ್ಲಿ ಹತ್ತರಲ್ಲಿ ಒಬ್ಬರು ಕಾಗದ ಬರೆದಿದ್ರೂ ಇಷ್ಟೊತ್ತಿಗೆ ಒಂದು ಕಡತ ಆಗಿರ್ತಿತ್ತು.

"ನಮ್ಮ ರೊಕ್ಕದಾಗ ಅವರ ರಾಜ್ಯದ ರಸ್ತೆ ಮ್ಯಾಲೆ ಯಾಕ ಉಚಿತ ಒಯ್ಯಬೇಕು?" ಅಂತ ಕೇಳೋರು ಇದ್ದಾರೆ. ಪ್ರಶ್ನೆ ಅನ್ಯಾಯದ್ದಲ್ಲ. ರಿಯಾಯಿತಿ ಟಿಕೆಟಿನ ಹಣವನ್ನ ನಿಗಮಕ್ಕೆ ಸರ್ಕಾರ ತುಂಬಿಕೊಡಬೇಕು, ಆ ಹಣ ಎಷ್ಟೋ ಸಲ ತಡವಾಗಿ ಬರ್ತದೆ, ನಿಗಮಗಳ ಕಷ್ಟವೂ ನಿಜ. ಆದ್ರೆ ಲೆಕ್ಕ ನೋಡ್ರಿ. ಸಾದಾ ಬಸ್ಸು ಮಾತ್ರ, ಹಿರಿಯರು ಮತ್ತು ಕಾರ್ಡ್ ಇರೋ ವಿಕಲಚೇತನರು ಮಾತ್ರ, ಗಡಿಯಿಂದ ಮುಂದಿನ ಮೊದಲ ಶಹರದ ತನಕ ಮಾತ್ರ. ಮಷೀನ್ ಒಂದೊಂದು ಸ್ಟೇಜಿನ ಲೆಕ್ಕವನ್ನೂ ಇಡ್ತದೆ. ಗಡಿಯಾಚೆ ಎಷ್ಟು ಮಂದಿ, ಎಷ್ಟು ದೂರ ಅನ್ನೋದು ಗುಂಡಿ ಒತ್ತಿದರೆ ಬರ್ತದೆ. ಯಾರು ಯಾರಿಗೆ ಎಷ್ಟು ಕೊಡಬೇಕು ಅನ್ನೋದನ್ನ ವರ್ಷಕ್ಕೊಮ್ಮೆ ಕೂತು ಹರಿಯಬಹುದು. ಕರ್ನಾಟಕಕ್ಕೆ ಇನ್ನೊಂದು ಮಾತು: ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದಿಂದ ಹೊರನಾಡಿನ ಕನ್ನಡ ಕಾರ್ಯಕ್ರಮಗಳಿಗೆ ಅನುದಾನ ಕೊಡ್ತೀರಿ, ಸಂತೋಷ, ಕೊಡ್ರಿ. ಆದ್ರೆ ಒಂದು ಸಂಜೆಯ ಶಾಮಿಯಾನ, ಶಾಲು, ಹಾರದ ಖರ್ಚಿನಲ್ಲಿ ಎಷ್ಟು ಅಜ್ಜಿಯರು ವರ್ಷವಿಡೀ ದವಾಖಾನಿಗೆ ಹೋಗಿ ಬರಬಹುದು ಅಂತ ಒಮ್ಮೆ ಲೆಕ್ಕ ಹಾಕ್ರಿ.

ಇದು ಎಲ್ಲೂ ಇಲ್ಲದ ಬೇಡಿಕೆಯೂ ಅಲ್ಲ. ಬ್ರಿಟನ್ನಿನಲ್ಲಿ ವೇಲ್ಸ್ ಅನ್ನೋ ಸಣ್ಣ ನಾಡು ಇದೆ, ಅದಕ್ಕೂ ಸ್ವಂತ ಭಾಷೆ ಇದೆ. 2002ರಿಂದ ಅಲ್ಲಿ 60 ದಾಟಿದವರಿಗೆ, ವಿಕಲಚೇತನರಿಗೆ ಬಸ್ ಉಚಿತ. ಇಂಗ್ಲೆಂಡಿನ ಪಾಸ್ ಬೇರೆ, ವೇಲ್ಸಿನ ಪಾಸ್ ಬೇರೆ. ಆದರೂ ವೇಲ್ಸಿನಿಂದ ಹೊರಟ ಬಸ್ಸು ಗಡಿ ದಾಟಿ ಇಂಗ್ಲೆಂಡಿನ ಹತ್ತಿರದ ಪೇಟೆಗೆ ಹೋದರೆ ಅದೇ ಬಸ್ಸಿನಲ್ಲಿ ಕೂತ ಅಜ್ಜನ ವೇಲ್ಸ್ ಪಾಸ್ ಅಲ್ಲಿಯ ತನಕ ನಡೀತದೆ. ಗಡಿ ಅಳಿಸಲಿಲ್ಲ, ಯಾವ ಸರ್ಕಾರವೂ ಮುಳುಗಲಿಲ್ಲ.

ನಮ್ಮಲ್ಲಿ ಏನಾಗ್ತದೆ ಅಂದ್ರೆ ಗಡಿಯ ಯಾವ ಸಣ್ಣ ವಿಷಯ ಎತ್ತಿದರೂ ದೊಡ್ಡ ತಕರಾರಿಗೆ ಗಂಟು ಬೀಳ್ತದೆ. ಗಡಿ ವಿವಾದದ ದಾವೆ ಸುಪ್ರೀಂ ಕೋರ್ಟಿನಲ್ಲಿ 2004ರಿಂದ ಇದೆ. ತೀರ್ಪು ಬರೋ ತನಕ 78ರ ಅಜ್ಜ ಬಸ್ ಸ್ಟ್ಯಾಂಡಿನಾಗ ಕಾಯಬೇಕೇನು? ಜಗಳ ಕಾವೇರಿದಾಗ ಮೊದಲು ನಿಲ್ಲೋದೂ ಬಸ್ಸೇ. 2025ರ ಫೆಬ್ರವರಿಯಲ್ಲಿ ಕಂಡಕ್ಟರ್ ಒಬ್ಬರ ಮೇಲೆ ಹಲ್ಲೆಯಾದ ಮೇಲೆ ಎರಡೂ ರಾಜ್ಯಗಳ ನಡುವೆ ಬಸ್ ಓಡಾಟ ಕೆಲವು ದಿನ ಕಡಿದು ಹೋಗಿತ್ತು. ಬೆಂಗಳೂರಿನಲ್ಲೋ ಮುಂಬೈಯಲ್ಲೋ ಕೂತು ಘೋಷಣೆ ಕೂಗಿದವರಿಗೆ ಅದರ ಬಿಸಿ ತಟ್ಟೋದಿಲ್ಲ. ಔಷಧ ಮುಗಿದವರಿಗೆ ತಟ್ಟಿತು.

ಇನ್ನು ಬೋರ್ಡಿನ ಮಾತು. ಅಕ್ಕಲಕೋಟ, ಜತ್ತ, ದಕ್ಷಿಣ ಸೋಲಾಪುರದ ಸ್ಟ್ಯಾಂಡುಗಳಲ್ಲಿ ಯಾರಿಗೆ ಎಷ್ಟು ರಿಯಾಯಿತಿ, ಯಾವ ಕಾಗದ ಬೇಕು ಅನ್ನೋದನ್ನ ಕನ್ನಡದಲ್ಲೂ ಬರೀಬೇಕು. ಇದನ್ನ ಬೇಡಿಕೊಳ್ಳೋದು ಬೇಡ. ಯಾವ ತಾಲೂಕಿನಲ್ಲಿ ಭಾಷಾ ಅಲ್ಪಸಂಖ್ಯಾತರು ಶೇ. 15ಕ್ಕಿಂತ ಹೆಚ್ಚೋ ಅಲ್ಲಿ ಮುಖ್ಯ ಪ್ರಕಟಣೆಗಳು ಅವರ ಭಾಷೆಯಲ್ಲೂ ಬರಬೇಕು ಅನ್ನೋದು ಭಾಷಾ ಅಲ್ಪಸಂಖ್ಯಾತರ ರಕ್ಷಣೆಗೆ ಒಪ್ಪಿಕೊಂಡ ಕ್ರಮಗಳಲ್ಲೇ ಇದೆ. ಅದರ ಮೇಲೆ ಕಣ್ಣಿಡೋಕೆ ಅಂತಲೇ ಸಂವಿಧಾನದ 350-ಬಿ ವಿಧಿಯಲ್ಲಿ ಒಬ್ಬ ಅಧಿಕಾರಿ ಇದ್ದಾರೆ. 65 ಆದವರಿಗೆ ಅರ್ಧ ಅನ್ನೋದು ಗೊತ್ತಿಲ್ಲದೆ ಪೂರ್ತಿ ಟಿಕೆಟ್ ಕೊಟ್ಟು ಹೋಗೋ ಗಂಡಸರು ಈಗಲೂ ನಮ್ಮ ಹಳ್ಳಿಗಳಲ್ಲಿ ಇದ್ದಾರೆ. ಕಂಡಕ್ಟರ್ ಕೇಳೋದಿಲ್ಲ, ಇವರು ಹೇಳೋದಿಲ್ಲ.

ವಯಸ್ಸಿನ ಗೊಂದಲ ಬೇರೆ. ನಮ್ಮ ಮುದುಕರ ಲೆಕ್ಕ ಅಂದ್ರೆ "ರಜಾಕಾರರ ಹಾವಳಿಯಾಗ ನಾ ನಡಿಯಾಕ ಕಲ್ತಿದ್ದೆ", "ಬಹತ್ತರದ ಬರದಾಗ ನನಗ ಎರಡು ಮಕ್ಕಳು". ರಜಾಕಾರರ ಕಾಲಕ್ಕೆ, ಅಂದ್ರೆ 1948ಕ್ಕೆ, ನಡೀತಿದ್ದವರಿಗೆ 75 ಎಂದೋ ದಾಟಿದೆ. ಆದ್ರೆ ಆಧಾರ್ ಮಾಡಿಸುವಾಗ ಆಪರೇಟರ್ ಮುಖ ನೋಡಿ ಒಂದು ವರ್ಷ ಬರೆದು ಜನವರಿ 1 ಅಂತ ಹಾಕಿಬಿಟ್ಟಿರ್ತಾನೆ. ಕಾರ್ಡಿನಲ್ಲಿ ಅಜ್ಜನಿಗೆ 69. ಜನ್ಮ ದಿನಾಂಕ ತಿದ್ದೋ ಅವಕಾಶ ಸಾಮಾನ್ಯವಾಗಿ ಒಂದೇ ಸಲ, ಅದಕ್ಕೂ ದಾಖಲೆ ಬೇಕು. ಹಳೇ ಸಾಲಿಯ ದಾಖಲಾತಿ ಪುಸ್ತಕದಾಗ ಹೆಸರು ಇದ್ರೆ ಅದು ಆಧಾರ ಆಗಬಹುದು. ಸಾಲಿಗೇ ಹೋಗದ ಅಜ್ಜಿಗೆ ಅದೂ ಇಲ್ಲ. ಇದಕ್ಕೆ ಊರಿನ ಹುಡುಗರು ಮನಸ್ಸು ಮಾಡಬೇಕು, ಒಂದು ಆದಿತ್ಯವಾರ ಕೂತು ಮನಿ ಮನಿ ಕಾರ್ಡ್ ನೋಡಿ ಯಾರದು ತಪ್ಪೈತಿ ಅಂತ ಬರ್ಕೊಳ್ರಿ.

ಈ ಪೇಜ್ ಓದೋ ಗಡಿ ತಾಲೂಕಿನವರಿಗೆ ಒಂದು ಕೆಲಸ ಹೇಳ್ತೀನಿ. ನಿಮ್ಮ ಮನೆಯ ಹಿರಿಯರು, ವಿಕಲಚೇತನರು ಗಡಿ ದಾಟಿ ಹೋದಾಗ ಕೊಟ್ಟ ಟಿಕೆಟ್ ಒಗಿಯಬ್ಯಾಡ್ರಿ. ಒಂದು ಕವರಿನಾಗ ಹಾಕಿ ಇಡ್ರಿ, ಹಿಂದೆ ಯಾತಕ್ಕೆ ಹೋಗಿದ್ರು ಅಂತ ಬರೀರಿ: ದವಾಖಾನಿ, ಮಗಳ ಮನಿ, ಜಾತ್ರಿ, ಪೆನ್ಶನ್ ಕೆಲಸ, ಏನೇ ಇರಲಿ. ಶಾಯಿ ಲಗೂನ ಅಳಸ್ತೈತಿ, ಅದಕ್ಕೇ ಒಂದು ಫೋಟೊನೂ ತೆಗೆದಿಡ್ರಿ. ಆಧಾರ್ ನಂಬರ್, ಫೋನ್ ನಂಬರ್ ಮಾತ್ರ ಕಾಮೆಂಟಿನಲ್ಲಿ ಹಾಕಬೇಡಿ. ಮೂರು ತಿಂಗಳ ಟಿಕೆಟ್ ಕೂಡಿದ ಮೇಲೆ ಎರಡೂ ಕಡೆಯ ಸಾರಿಗೆ ಇಲಾಖೆಗೆ ಮನವಿಯ ಜೊತೆ ಹಚ್ಚಿ ಕೊಡೋಣ. ಮರಾಠಿಯಲ್ಲಿ ಒಂದು ಪ್ರತಿ, ಕನ್ನಡದಲ್ಲಿ ಒಂದು ಪ್ರತಿ. ಮರಾಠಿ ಪ್ರತಿ ಬರೆಯೋಕೆ ನಮ್ಮ ಮೊಮ್ಮಕ್ಕಳೇ ಇದ್ದಾರಲ್ಲ.